ಟೋನಿ ಹ್ಯಾಂಕಾಕ್: ನಾಡನ್ನು ನಗಿಸಿದ ಏಕಾಂಗಿ

ಬ್ರಿಟನ್ನಿನ ಕಿರುತೆರೆಯ ಇತಿಹಾಸವನ್ನು ಬರೆಯುವವರು ಟೋನಿ ಹ್ಯಾಂಕಾಕ್ ಅವರ ಹೆಸರನ್ನು ಬಿಟ್ಟು ಮುಂದೆ ಸಾಗಲಾರರು. 1950ರ ದಶಕದ ಉತ್ತರಾರ್ಧದಲ್ಲಿ ಅವರ ಹಾಸ್ಯ ಕಾರ್ಯಕ್ರಮ ಅಲ್ಲಿನ ಮನೆಮನೆಯ ಮಾತಾಗಿತ್ತು. ಅಂದಿನ ಪ್ರೇಕ್ಷಕರಲ್ಲಿ ಇಂದು ಉಳಿದಿರುವವರು ವೃದ್ಧರು. ಅವರು ಆಸೆಯಿಂದ ನೆನೆಯುವ ಎಷ್ಟೋ ಕಂತುಗಳನ್ನು ಮತ್ತೆ ನೋಡುವ ಭಾಗ್ಯ ಮಾತ್ರ ಅವರಿಗಿಲ್ಲ. ಅವುಗಳ ದೃಶ್ಯವಾಗಲೀ ಧ್ವನಿಯಾಗಲೀ ಉಳಿದಿಲ್ಲ. ಉಳಿದಿರುವುದು ಬರಹದ ಹಾಳೆಗಳು. ಆ ಹಾಳೆಗಳನ್ನು ಬರೆದುಕೊಟ್ಟ ಲೇಖಕರಿಂದ ಹ್ಯಾಂಕಾಕ್ ತಾವಾಗಿಯೇ ದೂರವಾದರು ಎಂಬುದು ಅವರ ಬದುಕಿನ ದೊಡ್ಡ ವಿಪರ್ಯಾಸ.

ಬಾಲ್ಯ: ಹ್ಯಾಂಕಾಕ್ ಜನಿಸಿದ್ದು 1924ರ ಮೇ 12ರಂದು, ಬರ್ಮಿಂಗ್‌ಹ್ಯಾಮ್ ನಗರದ ಹಾಲ್ ಗ್ರೀನ್ ಬಡಾವಣೆಯಲ್ಲಿ. ಅವರು ಮಗುವಾಗಿದ್ದಾಗಲೇ ಕುಟುಂಬ ಕಡಲತೀರದ ಬೋರ್ನ್‌ಮತ್ ಪಟ್ಟಣಕ್ಕೆ ಬಂದು ಹೋಟೆಲ್ ನಡೆಸತೊಡಗಿತು. ತಂದೆ ಹೋಟೆಲಿನ ಕೆಲಸದ ನಡುವೆ ವೇದಿಕೆಯೇರಿ ಜನರನ್ನು ನಗಿಸುತ್ತಿದ್ದವರು. ಮಗ ಇನ್ನೂ ಬಾಲಕನಾಗಿದ್ದಾಗಲೇ ಅವರು ತೀರಿಕೊಂಡರು. ವಾಯುಪಡೆಯಲ್ಲಿದ್ದ ಅಣ್ಣ ಕಾಲಿನ್ 1942ರಲ್ಲಿ ಯುದ್ಧಕ್ಕೆ ಬಲಿಯಾದರು. ಅದೇ ವರ್ಷ ಹ್ಯಾಂಕಾಕ್ ಕೂಡ ವಾಯುಪಡೆ ಸೇರಿದರು. ಸೈನಿಕರ ಮನರಂಜನೆಗಾಗಿ ರಾಲ್ಫ್ ರೀಡರ್ ಕಟ್ಟಿದ್ದ ತಂಡದಲ್ಲಿ ಅವರಿಗೆ ಅವಕಾಶ ದೊರೆಯಿತು. ಯುದ್ಧಾನಂತರ, 1948ರಲ್ಲಿ, ಲಂಡನ್ನಿನ ವಿಂಡ್‌ಮಿಲ್ ರಂಗಮಂದಿರದಲ್ಲಿ ಅಭಿನಯಿಸಿದರು. 1951ರಲ್ಲಿ ಬಿಬಿಸಿ ರೇಡಿಯೊದ ಜನಪ್ರಿಯ ಕಾರ್ಯಕ್ರಮವೊಂದರಲ್ಲಿ ಮಾತನಾಡುವ ಗೊಂಬೆಗೆ ಪಾಠ ಹೇಳುವ ಮೇಷ್ಟರ ಪಾತ್ರ ಅವರ ಪಾಲಿಗೆ ಬಂತು. ದೇಶಕ್ಕೆ ಅವರ ದನಿ ಪರಿಚಯವಾದದ್ದು ಈ ಪಾತ್ರದಿಂದ.

ಲೇಖಕರ ಜೋಡಿ: ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಎಂಬ ಇಬ್ಬರು ತರುಣರು ಪರಸ್ಪರ ಭೇಟಿಯಾದದ್ದು ಕ್ಷಯರೋಗಿಗಳ ಆಸ್ಪತ್ರೆಯಲ್ಲಿ. ಹಾಸಿಗೆ ಹಿಡಿದಿದ್ದಾಗಲೇ ಹಾಸ್ಯ ಬರೆಯಲಾರಂಭಿಸಿದ ಈ ಜೋಡಿ ಮುಂದೆ ಹ್ಯಾಂಕಾಕ್ ಅವರಿಗಾಗಿ ಹೊಸ ಬಗೆಯ ಕಾರ್ಯಕ್ರಮವೊಂದನ್ನು ರೂಪಿಸಿತು. 1954ರ ನವೆಂಬರ್ 2ರಂದು 'ಹ್ಯಾಂಕಾಕ್ಸ್ ಹಾಫ್ ಅವರ್' ಬಿಬಿಸಿ ರೇಡಿಯೊದಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ರೇಡಿಯೊ ಹಾಸ್ಯವೆಂದರೆ ಚುಟುಕು ಪ್ರಹಸನಗಳು, ನಡುವೆ ಹಾಡು. ಇವರು ಅದನ್ನು ಬದಿಗಿಟ್ಟು, ಅರ್ಧ ಗಂಟೆಯೂ ಒಂದೇ ಕಥೆ ನಡೆಯುವಂತೆ ಮಾಡಿದರು. ಈಸ್ಟ್ ಚೀಮ್ ಬಡಾವಣೆಯ ರೈಲ್ವೆ ಕಟಿಂಗ್ಸ್ ಬೀದಿಯ 23ನೇ ನಂಬರಿನ ಮನೆ ಎಂಬುದು ಕಥಾನಾಯಕನ ಕಾಲ್ಪನಿಕ ವಿಳಾಸ. ತನ್ನನ್ನು ತಾನು ಮಹಾಮೇಧಾವಿಯೆಂದು ಭಾವಿಸಿದ, ಜಗತ್ತು ತನ್ನನ್ನು ಗುರುತಿಸುತ್ತಿಲ್ಲವೆಂದು ಸದಾ ಕೊರಗುವ, ಹೆಜ್ಜೆ ಹೆಜ್ಜೆಗೂ ಮುಗ್ಗರಿಸುವ ಮನುಷ್ಯ ಆತ. ಮಳೆಯ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮಾಡಲು ಏನೂ ಕೆಲಸವಿಲ್ಲದೆ ಕೂರುವುದೇ ಒಂದು ಕಂತಿನ ಸಂಪೂರ್ಣ ಕಥೆ!

ಕಿರುತೆರೆಗೆ ಪಯಣ: 1956ರ ಜುಲೈ 6ರಂದು ಕಾರ್ಯಕ್ರಮ ಟಿ.ವಿ.ಗೂ ಬಂತು. ಡಂಕನ್ ವುಡ್ ನಿರ್ಮಾಪಕರು, ಸಿಡ್ ಜೇಮ್ಸ್ ಜೊತೆ ನಟ. ಹ್ಯಾಂಕಾಕ್ ಅವರ ಜೋಲುಮುಖ, ಮಾತಿಲ್ಲದೆಯೇ ಎಲ್ಲವನ್ನೂ ಹೇಳುವ ಕಣ್ಣುಗಳು ಕಿರುತೆರೆಗೆಂದೇ ಹೇಳಿ ಮಾಡಿಸಿದಂತಿದ್ದವು.

ಆದರೆ ಅಂದಿನ ಟಿ.ವಿ. ಬಹುಪಾಲು ನೇರಪ್ರಸಾರ. ಮುದ್ರಿಸಿಕೊಳ್ಳಬೇಕಾದರೆ ಪರದೆಯ ಮೇಲೆ ಮೂಡಿದ ಚಿತ್ರವನ್ನೇ ಸಿನಿಮಾ ಸುರುಳಿಗೆ ಹಿಡಿಯಬೇಕಿತ್ತು. ಮುಂದೆ ಬಂದ ವಿಡಿಯೊ ಟೇಪು ದುಬಾರಿಯಾದ್ದರಿಂದ, ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದೇ ರೂಢಿಯಾಯಿತು. ಮರುಪ್ರಸಾರಕ್ಕೆ ಒಪ್ಪಂದಗಳ ಮಿತಿಯೂ ಇತ್ತು. ಮುಂದೊಂದು ದಿನ ಜನ ಇವುಗಳನ್ನು ಹುಡುಕಿಕೊಂಡು ಬರುವರೆಂದು ಯಾರೂ ಎಣಿಸಿರಲಿಲ್ಲ. ಹೀಗಾಗಿ ಮೊದಲ ವರ್ಷಗಳ ಕಂತುಗಳಲ್ಲಿ ಹೆಚ್ಚಿನವು ಕಾಲಗರ್ಭ ಸೇರಿದವು.

ಕಳಚಿದ ಕೊಂಡಿಗಳು: 1960ರಲ್ಲಿ 'ಫೇಸ್ ಟು ಫೇಸ್' ಸಂದರ್ಶನದಲ್ಲಿ ಜಾನ್ ಫ್ರೀಮನ್ ಅವರು ಹ್ಯಾಂಕಾಕ್ ಅವರ ಅಂತರಂಗವನ್ನು ಕೆದಕಿದರು. ಇದೇ ಫ್ರೀಮನ್ ಮುಂದೆ 1965ರಿಂದ 1968ರವರೆಗೆ ಭಾರತದಲ್ಲಿ ಬ್ರಿಟನ್ನಿನ ಹೈಕಮಿಷನರ್ ಆಗಿದ್ದರು ಎಂಬುದು ಉಲ್ಲೇಖಾರ್ಹ. ಮೊದಲೇ ಇದ್ದ ಆತ್ಮಶೋಧನೆಯ ಗೀಳು ಈ ಸಂದರ್ಶನದ ನಂತರ ಉಲ್ಬಣಿಸಿತು ಎಂಬುದು ನಿಕಟವರ್ತಿಗಳ ಅಭಿಪ್ರಾಯವಾಗಿತ್ತು. ಜೋಡಿಯಾಗಿಯೇ ಗುರುತಿಸಿಕೊಳ್ಳುವುದು ಬೇಡವೆಂದು ಅವರು ಸಿಡ್ ಜೇಮ್ಸ್ ಅವರನ್ನು ಕೈಬಿಟ್ಟರು.

1961ರ ಸರಣಿಯೇ ಅವರ ಕೀರ್ತಿಯ ಶಿಖರ. ಒಂದು ಕಂತಿನಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಅವರೊಬ್ಬರೇ ಕೊನೆಯವರೆಗೂ ಪ್ರೇಕ್ಷಕರನ್ನು ಹಿಡಿದಿಟ್ಟರು. 'ದ ಬ್ಲಡ್ ಡೋನರ್' ಕಂತಿನಲ್ಲಿ ರಕ್ತದಾನಕ್ಕೆ ಹೆಮ್ಮೆಯಿಂದ ಹೋದ ನಾಯಕ, ಪರೀಕ್ಷೆಗೆ ತೆಗೆದ ಒಂದು ಹನಿಯೇ ದಾನವೆಂದು ತಿಳಿದು ಹೊರಡಲು ಅಣಿಯಾಗುತ್ತಾನೆ. ಕೊನೆಗೆ ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಗಾಯಗೊಂಡು ಅದೇ ಆಸ್ಪತ್ರೆಗೆ ಬಂದಾಗ, ತಾನು ಕೊಟ್ಟ ರಕ್ತವೇ ಅವನನ್ನು ಉಳಿಸುತ್ತದೆ. ಈ ಕಂತಿನ ಮುದ್ರಣಕ್ಕೆ ಮೊದಲು ಕಾರು ಅಪಘಾತಕ್ಕೊಳಗಾಗಿದ್ದ ಹ್ಯಾಂಕಾಕ್‌ಗೆ ಮಾತುಗಳನ್ನು ಕಂಠಪಾಠ ಮಾಡಲಾಗಲಿಲ್ಲ. ಕ್ಯಾಮೆರಾದ ಆಸುಪಾಸಿನಲ್ಲಿಟ್ಟ ಬರಹವನ್ನು ನೋಡಿಕೊಂಡೇ ಅಭಿನಯಿಸಿದರು. ಮುಂದೆ ಅದೇ ಅಭ್ಯಾಸವಾಯಿತು.

ಅದೇ ವರ್ಷ ಗಾಲ್ಟನ್-ಸಿಂಪ್ಸನ್ ಜೋಡಿಯೂ ದೂರವಾಯಿತು. ಹೊಸ ಚಲನಚಿತ್ರಕ್ಕೆಂದು ಅವರು ಬರೆದದ್ದು ಹ್ಯಾಂಕಾಕ್‌ಗೆ ಒಪ್ಪಿಗೆಯಾಗಿರಲಿಲ್ಲ. ಲೇಖಕರು ಕೈಕಟ್ಟಿ ಕೂರಲಿಲ್ಲ. 1962ರಲ್ಲಿ 'ಸ್ಟೆಪ್ಟೊ ಅಂಡ್ ಸನ್' ಸರಣಿಯ ಮೂಲಕ ಮತ್ತೆ ಜನಮನ ಗೆದ್ದರು. 1963ರಲ್ಲಿ ಎಟಿವಿಗಾಗಿ ಬೇರೆ ಲೇಖಕರೊಡನೆ ಹ್ಯಾಂಕಾಕ್ ಮಾಡಿದ ಸರಣಿ ಹಿಂದಿನ ಯಶಸ್ಸನ್ನು ಕಾಣಲಿಲ್ಲ. ಮದ್ಯವ್ಯಸನ ಬಲಿಯಿತು. ಎರಡು ದಾಂಪತ್ಯಗಳೂ ಮುರಿದುಬಿದ್ದವು. 1968ರಲ್ಲಿ ಹೊಸ ಸರಣಿಗಾಗಿ ಆಸ್ಟ್ರೇಲಿಯಾಕ್ಕೆ ತೆರಳಿದ ಅವರು, ಹದಿಮೂರು ಕಂತುಗಳಲ್ಲಿ ಮೂರು ಮುಗಿಯುವಷ್ಟರಲ್ಲಿ, ಜೂನ್ ತಿಂಗಳಲ್ಲಿ ಸಿಡ್ನಿಯಲ್ಲಿ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರ ವಯಸ್ಸು ಕೇವಲ 44. ಅವರ ಚಿತಾಭಸ್ಮವನ್ನು ತಾಯ್ನಾಡಿಗೆ ತಂದವರು ಸಹ ಕಲಾವಿದ ವಿಲ್ಲಿ ರಶ್ಟನ್.

ಮರಳಿ ಬಂದ ನಗು: ಹುಟ್ಟೂರು ಬರ್ಮಿಂಗ್‌ಹ್ಯಾಮ್ 1996ರಲ್ಲಿ ಹ್ಯಾಂಕಾಕ್ ಅವರ ಪ್ರತಿಮೆ ನಿಲ್ಲಿಸಿ ಗೌರವಿಸಿತು. ಅದಕ್ಕಿಂತಲೂ ದೊಡ್ಡ ಗೌರವ 2014ರಲ್ಲಿ ಸಂದಿತು. ಧ್ವನಿಮುದ್ರಣ ಅಳಿಸಿಹೋಗಿದ್ದ ರೇಡಿಯೊ ಕಂತುಗಳನ್ನು ಉಳಿದಿದ್ದ ಬರಹದ ಆಧಾರದಿಂದ ಬಿಬಿಸಿ ಮತ್ತೆ ಸಿದ್ಧಪಡಿಸತೊಡಗಿತು. ಹ್ಯಾಂಕಾಕ್ ಪಾತ್ರಕ್ಕೆ ದನಿಯಾದವರು ನಟ ಕೆವಿನ್ ಮೆಕ್‌ನ್ಯಾಲಿ. 2016ರಲ್ಲಿ ಕಳೆದುಹೋಗಿದ್ದ ಟಿ.ವಿ. ಕಂತೊಂದೂ ಇದೇ ರೀತಿ ಮರುಹುಟ್ಟು ಪಡೆಯಿತು. ಸಿಂಪ್ಸನ್ 2017ರಲ್ಲಿ, ಗಾಲ್ಟನ್ 2018ರಲ್ಲಿ ನಿಧನರಾದರು. ತಾವು ತರುಣರಾಗಿದ್ದಾಗ ಬರೆದ ಮಾತುಗಳಿಗೆ ಹೊಸ ಪೀಳಿಗೆ ನಗುವುದನ್ನು ಇಬ್ಬರೂ ಕಂಡೇ ಹೋದರು.

ಕಲಾವಿದನ ಹಿರಿಮೆ ಅವನೊಬ್ಬನದೇ ಅಲ್ಲ. ಬರೆದವರು, ಜೊತೆಗೆ ನಿಂತವರು, ಮುದ್ರಿಸಿ ಕಾಪಾಡಿದವರು ಎಲ್ಲರದೂ ಅದರಲ್ಲಿ ಪಾಲಿದೆ. ಹ್ಯಾಂಕಾಕ್ ಇದನ್ನು ಮರೆತು ಒಂಟಿಯಾದರು, ಪ್ರಸಾರ ಸಂಸ್ಥೆ ಮರೆತು ತನ್ನ ನಿಧಿಯನ್ನೇ ಕಳೆದುಕೊಂಡಿತು. ಅಂದು ದೂರವಾದ ಲೇಖಕರ ಅಕ್ಷರಗಳೇ ಇಂದು ಅವರ ಹೆಸರನ್ನು ಹಸಿರಾಗಿಟ್ಟಿವೆ.