ಜೀವಕೋಶದೊಳಗೆ ಇಣುಕಿದ ಕೋಲ್ಮನ್

ಮಕ್ಕಳೇ, ಮಳೆಗಾಲ ಶುರುವಾಗುವ ಮೊದಲು ಕೊಡಗಿನ ತೋಟಗಳಲ್ಲಿ ಡ್ರಮ್ಮು ತುಂಬ ನೀಲಿ ಬಣ್ಣದ ದ್ರಾವಣ ಕಲಸುವುದನ್ನು ನೀವು ನೋಡಿರಬಹುದು. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ತಯಾರಿಸುವ ಇದಕ್ಕೆ ಬೋರ್ಡೋ ದ್ರಾವಣ ಎಂದು ಹೆಸರು. ಇದನ್ನು ಅಡಿಕೆ ಗೊನೆಗೆ, ಕಾಳುಮೆಣಸಿನ ಬಳ್ಳಿಗೆ, ಕಾಫಿ ಗಿಡಕ್ಕೆ ಸಿಂಪಡಿಸುತ್ತಾರೆ. ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿ ಬೆಳೆಗೆಂದು ಹುಟ್ಟಿದ ಈ ಔಷಧವನ್ನು ನಮ್ಮ ಮಲೆನಾಡಿನ ಅಡಿಕೆಗೆ ಹೊಂದಿಸಿಕೊಟ್ಟ ವಿಜ್ಞಾನಿ ಯಾರು ಗೊತ್ತೇ? ಅವರೇ ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದಲ್ಲಿ. 1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳ ರೋಗ ಮತ್ತು ಕೀಟಗಳನ್ನು ಅಭ್ಯಾಸ ಮಾಡುವುದು ಅವರ ಕೆಲಸ. ಆಗ ಕೊಡಗು ಬೇರೆಯೇ ಪ್ರಾಂತ್ಯವಾಗಿತ್ತು. ಆದರೆ ಮಳೆಗೂ ರೋಗಕ್ಕೂ ಗಡಿ ಎಲ್ಲಿದೆ? ಮಳೆ ಜೋರಾದಾಗ ಎಳೆಯ ಅಡಿಕೆ ಕೊಳೆತು ರಾಶಿರಾಶಿಯಾಗಿ ಉದುರುತ್ತಿತ್ತು. ಇದೇ ಕೊಳೆರೋಗ. ಬೆಳೆಗಾರರು ಮರ ಹತ್ತಿ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಆದರೆ ರೋಗ ತರುವುದು ಯಾವುದು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಉತ್ತರ ಇದ್ದದ್ದು ಬರಿಗಣ್ಣಿಗೆ ಕಾಣದ ಲೋಕದಲ್ಲಿ. ನಿಮಗೆ ತಿಳಿದಿರುವಂತೆ ಎಲ್ಲ ಜೀವಿಗಳ ದೇಹವೂ ಜೀವಕೋಶಗಳಿಂದಾಗಿದೆ. ಪ್ರತಿ ಕೋಶಕ್ಕೂ ತೆಳುವಾದ ಕೋಶಪೊರೆ ಇರುತ್ತದೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂಬುದನ್ನು ಅದು ನಿಯಂತ್ರಿಸುತ್ತದೆ. ಒಳಗೆ ಲೋಳೆಯಂಥ ಕೋಶದ್ರವ್ಯವಿದೆ. ಸಸ್ಯ, ಪ್ರಾಣಿಗಳ ಕೋಶಗಳಲ್ಲಿ ಸಾಮಾನ್ಯವಾಗಿ ಒಂದು ಕೋಶಕೇಂದ್ರವೂ ಇದ್ದು, ಕೋಶದ ಕೆಲಸಗಳನ್ನು ನಡೆಸುತ್ತದೆ. ಸಸ್ಯಕೋಶಕ್ಕೆ ಇದರ ಜೊತೆಗೆ ಹೊರಗಡೆ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಒಳಗೆ ನೀರು ತುಂಬಿದ ದೊಡ್ಡ ರಸದಾನಿ ಇರುತ್ತದೆ. ಹಸಿರು ಭಾಗಗಳ ಕೋಶಗಳಲ್ಲಿ ಆಹಾರ ತಯಾರಿಸುವ ಪತ್ರಹರಿತ್ತಿನ ಕಣಗಳಿರುತ್ತವೆ. ಪ್ರಾಣಿಕೋಶಕ್ಕೆ ಕೋಶಭಿತ್ತಿ ಇಲ್ಲ. ಆದ್ದರಿಂದಲೇ ನಮ್ಮ ಕೆನ್ನೆ ಮೆತ್ತಗೆ, ಮರದ ಕಾಂಡ ಗಟ್ಟಿ.

ಅಷ್ಟು ಭದ್ರವಾದ ಗೋಡೆಯಿದ್ದರೂ ಅಡಿಕೆ ಕೊಳೆಯುವುದೇಕೆ? ಶಿಲೀಂಧ್ರದಂತೆ ಕಾಣುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣ ಎಂದು ಕೋಲ್ಮನ್ ತೋರಿಸಿಕೊಟ್ಟರು. 1910ರಲ್ಲಿ ಈ ಅಧ್ಯಯನವನ್ನು ಪ್ರಕಟಿಸಿದರು. ಈ ಜೀವಿಯ ಬೀಜಕಣ ಒಂದೇ ಒಂದು ಕೋಶ. ಅದಕ್ಕೆ ಚಾವಟಿಯಂಥ ಎರಡು ಎಳೆಗಳಿರುತ್ತವೆ. ಅವುಗಳನ್ನು ಬಡಿಯುತ್ತ ಅದು ಮಳೆನೀರಿನಲ್ಲಿ ಈಜುತ್ತದೆ. ಈಜುವಾಗ ಅದಕ್ಕೆ ಕೋಶಭಿತ್ತಿ ಇರುವುದಿಲ್ಲ. ಅಡಿಕೆಯ ಮೇಲೆ ನೆಲೆ ನಿಂತ ಕೂಡಲೇ ಎಳೆಗಳನ್ನು ಕಳಚಿ, ಗೋಡೆ ಕಟ್ಟಿಕೊಂಡು, ನಳಿಗೆಯಂತೆ ಬೆಳೆದು ಕಾಯಿಯ ಒಳಗೆ ನುಗ್ಗುತ್ತದೆ. ಅಲ್ಲಿನ ಕೋಶಗಳು ಸಾಯುತ್ತವೆ, ಕಾಯಿ ಕೊಳೆಯುತ್ತದೆ.

ಸತ್ತ ಕೋಶಕ್ಕೆ ಮತ್ತೆ ಜೀವ ಬರುವುದಿಲ್ಲ. ಹಾಗಾಗಿ ಶತ್ರುವನ್ನು ಬಾಗಿಲಲ್ಲೇ ತಡೆಯಬೇಕು. ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಮಾಡುವುದು ಇದನ್ನೇ. ಮಳೆಗೆ ಮೊದಲೇ ಸಿಂಪಡಿಸುವುದೂ ಇದಕ್ಕಾಗಿಯೇ. ಆದರೆ ಮಲೆನಾಡಿನ ಜಡಿಮಳೆಗೆ ಔಷಧ ತೊಳೆದುಹೋಗಬಾರದಲ್ಲ! ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾದಿಂದ ಮಾಡಿದ ಅಂಟನ್ನು ಬೆರೆಸಿ, ಗೊನೆಗೆ ಹಿಡಿದು ನಿಲ್ಲುವಂತೆ ಮಾಡಿದರು.

ಕೋಲ್ಮನ್ ಮುಂದೆ ಮೈಸೂರಿನ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಗಲು ಅವರು ಕಾರಣರಾದರು. ಎಸ್.795 ಎಂಬ ಹೆಸರಾಂತ ಅರೇಬಿಕಾ ತಳಿ ಅವರ ನಂತರ ಅಲ್ಲಿಂದಲೇ ಬಂದಿತು. ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಲ್ಲಿ ಆರಂಭವಾದ ಕೇಂದ್ರ ಇದರದೇ ಉಪಕೇಂದ್ರ. ಜೋಳದ ಬೆಳೆ ತಿನ್ನುವ, ಹಾರಲಾರದ ಮಿಡತೆಯೊಂದನ್ನೂ ಕೋಲ್ಮನ್ ಅಭ್ಯಾಸ ಮಾಡಿದರು. ಆ ಮಿಡತೆಗೆ ವಿಜ್ಞಾನಿಗಳು ಕೋಲ್ಮೇನಿಯಾ ಎಂದೇ ಹೆಸರಿಟ್ಟರು.

1934ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು. ಸುಮ್ಮನೆ ಕುಳಿತರೇ? ಇಲ್ಲ. ಕೆನಡಾಕ್ಕೆ ಮರಳಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಈ ಬಾರಿ ಅವರು ನೋಡಹೊರಟದ್ದು ಕೋಶಕೇಂದ್ರದ ಒಳಗನ್ನು. ಅಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ತಂದೆತಾಯಿಯ ಗುಣಗಳು ಮಕ್ಕಳಿಗೆ ಬರುವುದು ಇವುಗಳ ಮೂಲಕ. ಆದರೆ ಕೋಶದ ಒಳಭಾಗಗಳು ಬಹುಮಟ್ಟಿಗೆ ಪಾರದರ್ಶಕ. ಬಣ್ಣ ಹಾಕದಿದ್ದರೆ ಸ್ಪಷ್ಟವಾಗಿ ಕಾಣುವುದಿಲ್ಲ. ಫೂಲ್ಗನ್ ಎಂಬ ಜರ್ಮನ್ ವಿಜ್ಞಾನಿ 1924ರಲ್ಲಿ ಒಂದು ವಿಧಾನ ಕಂಡುಹಿಡಿದಿದ್ದರು. ಅದರಲ್ಲಿ ಬಣ್ಣವಿಲ್ಲದ ದ್ರಾವಣವೊಂದು ಕೋಶಕೇಂದ್ರದ ಡಿಎನ್‌ಎ ಜೊತೆ ಸೇರಿ ಕೆನ್ನೇರಳೆಯಾಗುತ್ತದೆ. ಆ ದ್ರಾವಣವನ್ನು ಇದ್ದಿಲಿನ ಸಹಾಯದಿಂದ ತಿಳಿಯಾಗಿ ತಯಾರಿಸುವ ಕ್ರಮವನ್ನು ಕೋಲ್ಮನ್ 1938ರಲ್ಲಿ ಪ್ರಕಟಿಸಿದರು. ಗಿಡಗಳ ಕೋಶಗಳನ್ನೂ ನೋಡಿದರು, ಮಿಡತೆಗಳ ಕೋಶಗಳನ್ನೂ ನೋಡಿದರು. ಒಂದಕ್ಕೆ ಗೋಡೆಯಿದೆ, ಇನ್ನೊಂದಕ್ಕಿಲ್ಲ. ಆದರೆ ಎರಡರ ಕೋಶಕೇಂದ್ರಕ್ಕೂ ಹತ್ತಿದ್ದು ಒಂದೇ ಬಣ್ಣ! ಅವರು 1954ರಲ್ಲಿ ತೀರಿಕೊಂಡರು.

ಮಾಡಿ ನೋಡಿ: ಈರುಳ್ಳಿಯ ಒಳಪದರದ ತೆಳು ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲಿಡಿ. ಒಂದು ಹನಿ ಅಯೋಡಿನ್ ದ್ರಾವಣ ಹಾಕಿ. ಶಿಕ್ಷಕರ ನೆರವಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡಿ. ಇಟ್ಟಿಗೆ ಜೋಡಿಸಿದಂತೆ ಕಾಣುವ ಕೋಶಭಿತ್ತಿಗಳನ್ನೂ ಕೋಶಕೇಂದ್ರವನ್ನೂ ಗುರುತಿಸಿ ಚಿತ್ರ ಬರೆಯಿರಿ. ಈರುಳ್ಳಿಯೂ ಸಸ್ಯವೇ. ಆದರೂ ಈ ಕೋಶಗಳಲ್ಲಿ ಪತ್ರಹರಿತ್ತಿನ ಕಣಗಳು ಏಕೆ ಕಾಣುವುದಿಲ್ಲ? ಈರುಳ್ಳಿ ಗೆಡ್ಡೆ ಎಲ್ಲಿ ಬೆಳೆಯುತ್ತದೆ ಎಂದು ಯೋಚಿಸಿ, ಉತ್ತರ ಹೊಳೆಯುತ್ತದೆ.