ಜಠರಾಗ್ನಿಯನ್ನು ತೂಗಿದ ತೆರಿಗೆ ಗುತ್ತಿಗೆದಾರ

ಹೊಟ್ಟೆಯೊಳಗೊಂದು ಬೆಂಕಿ ಇದೆ ಎಂಬ ಮಾತು ನಮಗೆ ಹೊಸದಲ್ಲ. ಜಠರಾಗ್ನಿ ಎಂದು ಹಿರಿಯರು ಅದಕ್ಕೆ ಹೆಸರನ್ನೂ ಇಟ್ಟಿದ್ದಾರೆ. ದೇಹದ ಆ ಬೆಂಕಿಯನ್ನು ಅಳೆದು, ಲೆಕ್ಕ ಹಾಕಿ ತೋರಿಸಿದವನು ಫ್ರಾನ್ಸಿನ ಆಂತ್ವಾನ್ ಲವಾಸಿಯೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ನಾವು ಓದುವ ಕ್ಯಾಲೊರಿ ಲೆಕ್ಕದ ಬೇರು ಅವನ ಪ್ರಯೋಗಾಲಯದಲ್ಲಿದೆ.

ಲವಾಸಿಯೆ ಹುಟ್ಟಿದ್ದು 1743ರಲ್ಲಿ, ಪ್ಯಾರಿಸ್‌ನ ಸ್ಥಿತಿವಂತ ವಕೀಲರ ಮನೆಯಲ್ಲಿ. ತಾನೂ ಕಾನೂನು ಓದಿದ. ಮನಸ್ಸು ಮಾತ್ರ ವಿಜ್ಞಾನದ ಕಡೆಗಿತ್ತು. 25 ತುಂಬುವ ಮೊದಲೇ, 1768ರಲ್ಲಿ, ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಅದೇ ವರ್ಷ ರಾಜನ ಪರವಾಗಿ ತೆರಿಗೆ ಎತ್ತುವ ಖಾಸಗಿ ಕೂಟವೊಂದರಲ್ಲಿ ಪಾಲು ಕೊಂಡ. ಊರ ಸಂತೆಯ ಸುಂಕವನ್ನು ಹರಾಜಿನಲ್ಲಿ ಹಿಡಿದಂತೆಯೇ ಇದು. ರಾಜನಿಗೆ ಗೊತ್ತಾದ ಮೊತ್ತ ಕಟ್ಟುವುದು, ಉಪ್ಪು, ತಂಬಾಕು, ಊರೊಳಗೆ ಬರುವ ಸರಕಿನ ಮೇಲೆ ವಸೂಲಿ ಮಾಡುವುದು, ಮಿಕ್ಕಿದ್ದನ್ನು ಪಾಲುದಾರರು ಹಂಚಿಕೊಳ್ಳುವುದು. ಆ ಹಣದಿಂದ ಲವಾಸಿಯೆ ಯುರೋಪಿನ ಅತ್ಯುತ್ತಮ ತಕ್ಕಡಿಗಳನ್ನು ಮಾಡಿಸಿಕೊಂಡ.

1771ರಲ್ಲಿ ಇನ್ನೊಬ್ಬ ಗುತ್ತಿಗೆದಾರನ ಮಗಳು ಮರಿ-ಆ್ಯನ್ ಜೊತೆ ಮದುವೆಯಾಯಿತು. ಆಕೆಗೆ ಆಗಿನ್ನೂ 13 ವರ್ಷ. ಮುಂದೆ ಇಂಗ್ಲಿಷ್ ಕಲಿತು ಗಂಡನಿಗಾಗಿ ವಿಜ್ಞಾನದ ಬರಹಗಳನ್ನು ಅನುವಾದಿಸಿದಳು, ಪ್ರಯೋಗಗಳ ಚಿತ್ರ ಬರೆದಳು, ಟಿಪ್ಪಣಿ ಇಟ್ಟಳು.

1782-83ರ ಚಳಿಗಾಲದಲ್ಲಿ ಲವಾಸಿಯೆ ಮತ್ತು ಗಣಿತಜ್ಞ ಲಾಪ್ಲಾಸ್ ಸೇರಿ ಒಂದು ಪಾತ್ರೆ ಮಾಡಿಸಿದರು. ನಡುವೆ ಬುಟ್ಟಿ, ಸುತ್ತ ಮಂಜುಗಡ್ಡೆ. ಹೊರಗಿನ ಶಾಖ ಒಳಹೋಗದಂತೆ ಅದರಾಚೆ ಮತ್ತೊಂದು ಸುತ್ತು ಮಂಜುಗಡ್ಡೆ. ಬುಟ್ಟಿಯಲ್ಲಿ ಗಿನಿಪಿಗ್ ಕೂರಿಸಿದರು. ಹತ್ತು ಗಂಟೆಗಳಲ್ಲಿ ಅದರ ಮೈಬಿಸಿಗೆ ಸುಮಾರು 13 ಔನ್ಸ್ ಮಂಜು ಕರಗಿ ನೀರಾಯಿತು. ಅಷ್ಟೇ ಹೊತ್ತಿನಲ್ಲಿ ಗಿನಿಪಿಗ್ ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್‌ನಷ್ಟನ್ನೇ ಇದ್ದಿಲು ಉರಿಸಿ ಪಡೆದರೆ ಕರಗುವ ಮಂಜು ಸುಮಾರು ಹತ್ತೂವರೆ ಔನ್ಸ್. ಎರಡು ಲೆಕ್ಕವೂ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ಉರಿಯುವಿಕೆ ಎಂಬ ತೀರ್ಮಾನಕ್ಕೆ ಲವಾಸಿಯೆ ಬಂದ. ಉರಿ ಶ್ವಾಸಕೋಶದಲ್ಲಿ ನಡೆಯುತ್ತದೆ ಎಂದು ಆತ ತಿಳಿದಿದ್ದ; ಅದು ಮೈಯ ಎಲ್ಲ ಜೀವಕೋಶಗಳಲ್ಲೂ ನಡೆಯುತ್ತದೆಂದು ನಂತರದವರು ಕಂಡುಕೊಂಡರು.

ಮುಂದಿನ ಪ್ರಯೋಗ ಮನುಷ್ಯನ ಮೇಲೆ. ಸಹಾಯಕ ಸೆಗ್ಯಾಂ ಮುಖಕ್ಕೆ ಮುಸುಕು ಕಟ್ಟಿಕೊಂಡು ಕುಳಿತ. ಸುಮ್ಮನೆ ಕುಳಿತಾಗ ಗಂಟೆಗೆ ಸುಮಾರು 1,200 ಘನ ಅಂಗುಲ ಆಮ್ಲಜನಕ ಬೇಕಾಯಿತು. ಉಂಡ ಮೇಲೆ ಅದು 1,800 ದಾಟಿತು. ಭಾರ ಎತ್ತುವ ಕೆಲಸಕ್ಕೆ ಹಚ್ಚಿದಾಗ 3,200 ಮುಟ್ಟಿತು. ದುಡಿದಷ್ಟೂ ಮೈ ಹೆಚ್ಚು ಉರಿಯುತ್ತದೆ, ಉರಿದದ್ದನ್ನು ಊಟವೇ ತುಂಬಿಕೊಡಬೇಕು.

ಕ್ರಾಂತಿಯ ವರ್ಷ 1789ರ ಪ್ರಬಂಧದಲ್ಲಿ ಲವಾಸಿಯೆ ಈ ಲೆಕ್ಕವನ್ನು ಸಮಾಜಕ್ಕೆ ಹಚ್ಚಿ ನೋಡಿದ. ರಟ್ಟೆ ಮುರಿದು ದುಡಿಯುವ ಬಡವನಿಗೆ ಹೆಚ್ಚು ಅನ್ನ ಬೇಕು, ಆದರೆ ಅನ್ನ ರಾಶಿ ಬೀಳುವುದು ಅಷ್ಟು ಬೇಕಿಲ್ಲದ ಶ್ರೀಮಂತನ ಮನೆಯಲ್ಲಿ ಎಂದು ಗಮನಿಸಿದ. ಇದನ್ನು ಬರೆದವನೇ ಬಡವನ ಉಪ್ಪಿನಿಂದಲೂ ಪಾಲು ಪಡೆದವನು. ತೆರಿಗೆ ತಪ್ಪಿಸಿ ಸರಕು ನುಸುಳದಂತೆ ಪ್ಯಾರಿಸ್ ಸುತ್ತ ಗೋಡೆ ಕಟ್ಟುವ ಸಲಹೆಯೂ ಅವನದೇ. ಊರ ಜನ ಆ ಗೋಡೆಯನ್ನು ಮರೆಯಲಿಲ್ಲ.

1793ರ ನವೆಂಬರ್‌ನಲ್ಲಿ ತೆರಿಗೆ ಗುತ್ತಿಗೆದಾರರ ಬಂಧನವಾಯಿತು. ತಂಬಾಕಿಗೆ ನೀರು ಬೆರೆಸಿದರೆಂಬುದೂ ಆರೋಪಗಳಲ್ಲಿ ಒಂದು. ಸೆರೆಮನೆಯಲ್ಲೂ ಲವಾಸಿಯೆ ತನ್ನ ಬರಹಗಳನ್ನು ಜೋಡಿಸುತ್ತಿದ್ದ. 1794ರ ಮೇ 8ರಂದು ವಿಚಾರಣೆ, ಅದೇ ದಿನ ಗಿಲೊಟಿನ್. ಸತ್ತ 28 ಗುತ್ತಿಗೆದಾರರಲ್ಲಿ 50ರ ಲವಾಸಿಯೆಯೂ ಇದ್ದ, ಅವನ ಮಾವನೂ ಇದ್ದ. ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡ ಮರಿ-ಆ್ಯನ್, ಅವನು ಅರ್ಧಕ್ಕೆ ಬಿಟ್ಟ ಬರಹಗಳನ್ನು ಮುಂದೆ ಅಚ್ಚು ಹಾಕಿಸಿದಳು.

ನೂರು ವರ್ಷಗಳ ನಂತರ ಅಮೆರಿಕದ ಆಟ್‌ವಾಟರ್, ಮನುಷ್ಯನೇ ಒಳಗೆ ಇರಬಹುದಾದಷ್ಟು ದೊಡ್ಡ ಶಾಖಮಾಪಕ ಕಟ್ಟಿ ಈ ಲೆಕ್ಕವನ್ನು ಮುಂದುವರಿಸಿದ. ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕಿಲೊಕ್ಯಾಲೊರಿ ಎಂಬ ಇಂದಿನ ಸೂತ್ರ ಅವನ ಕೆಲಸದಿಂದ ಬಂದದ್ದು.

ನಾನಿರುವ ಹೈದರಾಬಾದಿನಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಅದರ 2020ರ ಪಟ್ಟಿಯ ಪ್ರಕಾರ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕಿಲೊಕ್ಯಾಲೊರಿ ಸಾಕು; ಮೈಮುರಿದು ದುಡಿಯುವವನಿಗೆ 3,470 ಬೇಕು. ನಮ್ಮಂಥ ಸಾಫ್ಟ್‌ವೇರ್ ಮಂದಿ ಮೊದಲ ಸಾಲಿನವರು. ನಮ್ಮ ಕಚೇರಿಗಳ ಗೋಡೆ ಎತ್ತಲು ರಾಯಚೂರು, ಯಾದಗಿರಿ ಕಡೆಯಿಂದ ಬರುವವರು ಎರಡನೆಯ ಸಾಲಿನವರು. ಯಾರ ತಟ್ಟೆ ತುಂಬಿದೆ, ಯಾರದು ಅರ್ಧ ಎಂಬುದನ್ನು ನೋಡಿದರೆ ಲವಾಸಿಯೆಯ ಲೆಕ್ಕ ಇನ್ನೂ ಸರಿಹೊಂದಿಲ್ಲ.