ಗಾಳಗಾರನಾದ ಇಸಾಕ ವಾಲ್ಟನನ ಚರಿತ್ರೆ

ಇಂಗ್ಲೆಂಡ್ ದೇಶದ ಸ್ಟಾಫರ್ಡ್ ಎಂಬ ಪಟ್ಟಣದಲ್ಲಿ 1593 ನೇ ಇಸವಿಯಲ್ಲಿ ಇಸಾಕ ವಾಲ್ಟನನು ಹುಟ್ಟಿದನು. ಅವನು ಇನ್ನೂ ಕೂಸಾಗಿರುವಾಗಲೇ ತಂದೆಯು ತೀರಿಹೋದನು. ಯೌವನದಲ್ಲಿ ಲಂಡನ್ ಪಟ್ಟಣಕ್ಕೆ ಹೋಗಿ, ಬಟ್ಟೆಯ ವ್ಯಾಪಾರವನ್ನು ಕಲಿತು, ಫ್ಲೀಟ್ ಬೀದಿಯಲ್ಲಿ ಜೀವಿಸಿದನು. ಅಲ್ಲಿಯ ಸಭೆಗೆ ಕವಿಯಾದ ಜಾನ್ ಡನ್ ಎಂಬವನು ಬೋಧಕನಾಗಿದ್ದನು. ಇಬ್ಬರಿಗೂ ಸ್ನೇಹ ಬೆಳೆಯಿತು. ಡನ್ನನು ಮೃತನಾದ ಮೇಲೆ ಅವನ ಚರಿತ್ರೆಯನ್ನು ಬರೆದವನು ಈ ಅಂಗಡಿಯವನೇ.

ಅವನ ಮನೆಯಲ್ಲಿ ದುಃಖವು ಬಹಳವಾಗಿತ್ತು. ಮೊದಲನೆಯ ಹೆಂಡತಿಯಾದ ರಾಹೇಲಳು ಹೆತ್ತ ಮಕ್ಕಳಲ್ಲಿ ಒಂದಾದರೂ ಉಳಿಯಲಿಲ್ಲ. 1640 ರಲ್ಲಿ ಆಕೆಯೂ ತೀರಿಹೋದಳು. ಅನಂತರ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವುಂಟಾಗಿ, 1649 ರಲ್ಲಿ ಅರಸನ ಶಿರಚ್ಛೇದವಾಯಿತು. ಅರಸನ ಪಕ್ಷದವನಾದ ವಾಲ್ಟನನಿಗೆ ಪ್ರಿಯರಾಗಿದ್ದ ಅನೇಕ ಬೋಧಕರು ತಮ್ಮ ಸಭೆಗಳಿಂದ ತಳ್ಳಲ್ಪಟ್ಟರು. ಇಂಥ ಕಾಲದಲ್ಲಿಯೇ, 1653 ರಲ್ಲಿ, ಅವನು ಮೀನು ಹಿಡಿಯುವ ವಿದ್ಯೆಯ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಗಾಳಗಾರನೊಬ್ಬನು ಲೀ ನದಿಯ ದಡದಲ್ಲಿ ಜೊತೆಗಾರನಿಗೆ ಕಲಿಸುವ ಸಂಭಾಷಣೆಯೇ ಅದು. ಯುದ್ಧದ ಗದ್ದಲದಿಂದ ಬಳಲಿದ ಜನರಿಗೆ ಅದು ತಂಪಾದ ನೀರಿನಂತಿತ್ತೆಂದು ನಮಗೆ ತೋರುತ್ತದೆ.

ಅವನ ಸಲಕರಣೆಗಳು ಬಹು ಸಾದಾ. ಮರದ ಕೋಲಿನ ತುದಿಗೇ ಹುರಿಯನ್ನು ಕಟ್ಟುವರು. ಹುರಿಯು ಕುದುರೆಯ ಬಾಲದ ಕೂದಲನ್ನು ಹೊಸೆದದ್ದು. ಮೀನಿನ ಕಣ್ಣಿಗೆ ಬೀಳದಂತೆ, ಮದ್ಯ, ಮಸಿ, ಅಕ್ರೋಟ ಎಲೆಯ ರಸ, ಪಟಿಕ ಇವುಗಳನ್ನು ಕುದಿಸಿ ಆರಿಸಿ, ಅದರಲ್ಲಿ ಆ ಕೂದಲನ್ನು ನೆನಸಿ ಹಸುರುಬಣ್ಣ ಮಾಡಲು ಅವನು ಕಲಿಸಿದನು. ಎರೆಹುಳು, ಮಿಡಿತೆ, ಹಿಟ್ಟಿನ ಉಂಡೆ ಇವೇ ಎರೆ. ಚಬ್ ಎಂಬ ಮುಳ್ಳುಮೀನನ್ನು ಜನರು ತಾತ್ಸಾರ ಮಾಡುತ್ತಿದ್ದರು. ಅದರ ಗಂಟಲಲ್ಲಿರುವ ಜೊಂಡನ್ನು ಚೆನ್ನಾಗಿ ತೆಗೆದು, ಹಿಡಿದ ದಿನವೇ ಸುಟ್ಟರೆ ರುಚಿಯೆಂದು ಅವನು ತಿಳಿಸಿದನು. ಮೊಟ್ಟೆಯಿಡುವ ಕಾಲದಲ್ಲಿ ಮೀನು ಹಿಡಿಯುವವರನ್ನು ಮಾತ್ರ ಖಂಡಿಸಿದನು. ಇಂಗ್ಲೆಂಡಿನಲ್ಲಿ ಚಬ್ ಮೊದಲಾದ ಮೀನುಗಳ ವಿಷಯದಲ್ಲಿ ಇದಕ್ಕೆ ಕಾನೂನು ಬಂದದ್ದು 1878 ರಲ್ಲಿ.

ಕೃತಕ ನೊಣದಿಂದ ಹಿಡಿಯುವದರಲ್ಲಿ ತಾನು ಅಷ್ಟು ನಿಪುಣನಲ್ಲವೆಂದು ಅರಿತು, ಆ ಭಾಗವನ್ನು ತನಗಿಂತ ಬಹು ಚಿಕ್ಕವನಾದ ಚಾರ್ಲ್ಸ್ ಕಾಟನ್ ಎಂಬ ಗೆಳೆಯನಿಗೆ ಬಿಟ್ಟನು. 1676 ರ ಐದನೆಯ ಮುದ್ರಣದಲ್ಲಿ ಅದು ಸೇರಿತು. ಗ್ರಂಥಕರ್ತರಲ್ಲಿ ಇಂಥ ದೀನತೆ ಅಪರೂಪ!

ಈಗ ಕೂದಲಿನ ಬದಲಿಗೆ ನೈಲಾನ್ ದಾರವೂ, ಮರದ ಕೋಲಿನ ಬದಲಿಗೆ ಕಾರ್ಬನ್ ನಾರಿನ ಹಗುರವಾದ ಕೋಲೂ, ದಾರ ಸುತ್ತುವ ರಾಟೆಯೂ ಬಂದಿವೆ. ಆ ದೇಶದ ಗಾಳಗಾರರು ಕಾರ್ಪ್, ರೋಚ್ ಮೊದಲಾದ ಮೀನುಗಳನ್ನು ಹಿಡಿದು, ತೂಗಿ, ತಿರಿಗಿ ನೀರಿಗೇ ಬಿಡುವದು ವಾಡಿಕೆಯಾಗಿದೆ. ಹಸಿದವನಿಗೆ ಇದು ವಿಚಿತ್ರವಾಗಿ ಕಂಡೀತು. ವಾಲ್ಟನನಾದರೋ ಹಿಡಿದದ್ದನ್ನು ಉಣ್ಣುತ್ತಿದ್ದನು, ಬಡವರಿಗೂ ಕೊಡುವದು ಒಳ್ಳೇದೆಂದು ಎಣಿಸುತ್ತಿದ್ದನು.

ಅವನು 1683 ನೇ ದಶಂಬರ 15 ರಲ್ಲಿ, ತೊಂಭತ್ತು ವರುಷದವನಾಗಿ, ವಿಂಚೆಸ್ಟರ್ ಪಟ್ಟಣದಲ್ಲಿ ತೀರಿಹೋದನು. ಅಲ್ಲಿಯ ದೊಡ್ಡ ದೇವಾಲಯದಲ್ಲಿ ಅವನ ಸಮಾಧಿಯಿದೆ. ತನ್ನ ಮಗನು ಮದುವೆಯಾಗದಿದ್ದರೆ ಶಾಲೊಫರ್ಡಿನ ಹೊಲಮನೆಯು ಸ್ಟಾಫರ್ಡಿನ ಬಡವರಿಗೆ ಉಪಯೋಗವಾಗಬೇಕೆಂದು ಮರಣಪತ್ರದಲ್ಲಿ ಬರೆದಿದ್ದನು. ಅದರ ಹುಟ್ಟುವಳಿಯಿಂದ ಬಡ ಹುಡುಗರಿಗೆ ಕಸಬು ಕಲಿಸಬೇಕು, ಉಳಿದದ್ದರಿಂದ ಕಲ್ಲಿದ್ದಲು ಕೊಳ್ಳಬೇಕು. ಆ ಕಲ್ಲಿದ್ದಲನ್ನು ಜನವರಿಯ ಕಡೇ ವಾರದಲ್ಲಾಗಲಿ ಫೆಬ್ರವರಿಯ ಮೊದಲನೆಯ ವಾರದಲ್ಲಾಗಲಿ ಹಂಚಬೇಕೆಂದು ದಿನವನ್ನೂ ಗೊತ್ತುಮಾಡಿದ್ದನು; ಬಡವರಿಗೆ ಚಳಿಯು ಆಗಲೇ ಅತಿ ಕಠಿಣವೆಂಬದು ಅವನಿಗೆ ತಿಳಿದಿತ್ತು.